ಬಂದು ಹೋದ ಕುಂಕುಮ, ನೆಲದಲ್ಲೇ ಇದ್ದ ನೆಲಸಂಪಿಗೆ

(ಬಾನುಲಿ ಭಾಷಣ)

ಕುಂಕುಮ ಎಂಬ ಮಾತನ್ನು ಅರಿಯದ ಕನ್ನಡಿಗರಿಲ್ಲ. ಮನೆಯ ದೇವರ ಜಗಲಿಯ ಮೇಲೆ, ಹೊಸ್ತಿಲಿನ ಎರಡು ತುದಿಗೆ, ತಾಯಂದಿರ ಹಣೆಯಲ್ಲಿ ದಿನವೂ ಕಾಣುವ ಕೆಂಪು ಪುಡಿ ಅದು. ಇಷ್ಟು ಪರಿಚಿತವಾದ ಮಾತಿಗೆ ಅರ್ಥ ಹೇಳುವ ಪ್ರಸಂಗವೇ ಬಾರದೆಂದು ನಾನು ಬಹುಕಾಲ ನಂಬಿದ್ದೆ. ಕನ್ನಡ ಅಧ್ಯಾಪಕನಾಗಿ ಮೂರು ದಶಕಗಳ ಮೇಲೆ ದುಡಿದ ನನಗೆ ಆ ಮಾತಿನ ಅರ್ಥ ತಿಳಿದಿರಲಿಲ್ಲವೆಂಬುದನ್ನು ತೋರಿಸಿಕೊಟ್ಟವಳು ಒಬ್ಬ ವಿದ್ಯಾರ್ಥಿನಿ.

ಹಳಗನ್ನಡ ಕಾವ್ಯದ ಪಾಠ ನಡೆದಿತ್ತು. ರಾಜರ ವೈಭವದ ವರ್ಣನೆಯಲ್ಲಿ ಕುಂಕುಮದ ಲೇಪನ, ಕುಂಕುಮದ ಕೆಸರು, ಕುಂಕುಮದ ಪರಿಮಳ ಇವೆಲ್ಲ ಬಂದೇ ಬರುತ್ತವೆ. ನಾನು ಎಂದಿನಂತೆ ‘ಹಣೆಗಿಡುವ ಕುಂಕುಮ’ ಎಂದು ಅರ್ಥ ಹೇಳಿ ಮುಂದೆ ಸಾಗಿದೆ. ಹಿಂದಿನ ಸಾಲಿನಲ್ಲಿ ಕುಳಿತಿದ್ದ ಹುಡುಗಿಯೊಬ್ಬಳು ಎದ್ದು ನಿಂತು, “ಸರ್, ನಮ್ಮ ಮನೆಯಲ್ಲಿ ಅವ್ವ ಕುಂಕುಮ ಮಾಡತಾಳ. ಅದಕ್ಕ ಪರಿಮಳ ಎಲ್ಲೈತಿ? ಅದನ್ನ ಮೈಗೆಲ್ಲ ಹಚ್ಚಿಕೊಂಡರ ಉರಿಯಂಗಿಲ್ಲೇನು?” ಎಂದು ಕೇಳಿದಳು. ತರಗತಿ ನಕ್ಕಿತು. ನಾನೂ ನಕ್ಕು, ‘ಅದು ಕವಿಸಮಯ’ ಎಂದು ಹೇಳಿ ಪಾರಾದೆ. ಉತ್ತರ ತಿಳಿಯದ ಮೇಷ್ಟರಿಗೆ ಕವಿಸಮಯಕ್ಕಿಂತ ದೊಡ್ಡ ಆಸರೆಯಿಲ್ಲ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದರ ಬೆನ್ನು ಹತ್ತಿ ಹೋದಾಗ ನನಗೆ ಕಂಡದ್ದು ಒಂದು ಹೂವಿನ ಚರಿತ್ರೆ. ಅದರ ಜೊತೆಗೇ ನಮ್ಮ ಹಿತ್ತಿಲಿನ ಇನ್ನೊಂದು ಹೂವಿನ ಚರಿತ್ರೆ. ಅವೆರಡನ್ನೂ ಕೇಳುಗರ ಮುಂದಿಡುವುದು ಇಂದಿನ ನನ್ನ ಉದ್ದೇಶ.

ಹಿರೇಕೆರೂರಿನಿಂದ ನೈಋತ್ಯಕ್ಕೆ ಶಿರಾಳಕೊಪ್ಪದ ಹಾದಿ ಹಿಡಿದು ಹೋದರೆ ಬಳ್ಳಿಗಾವಿ ಸಿಗುತ್ತದೆ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅದು ಬನವಾಸಿ ಪನ್ನಿರ್ಚ್ಛಾಸಿರದ ರಾಜಧಾನಿ, ದೊಡ್ಡ ಪಟ್ಟಣ, ದೊಡ್ಡ ಪೇಟೆ. ಅಲ್ಲಿಯ 11ನೆಯ ಶತಮಾನದ ನಡುಗಾಲದ ಶಾಸನವೊಂದನ್ನು ಬಿ. ಎಲ್. ರೈಸ್ ಅವರು 1902ರಲ್ಲಿ ಹೊರಬಂದ ‘ಎಪಿಗ್ರಾಫಿಯ ಕರ್ನಾಟಿಕ’ದ ಏಳನೆಯ ಸಂಪುಟದಲ್ಲಿ, ಶಿಕಾರಿಪುರ ತಾಲೂಕಿನ 118ನೆಯ ಶಾಸನವಾಗಿ ಪ್ರಕಟಿಸಿದ್ದಾರೆ. ಅಯ್ಯಾವೊಳೆಯ ಐನೂರ್ವರು ಎಂಬ ಹೆಸರಾಂತ ವರ್ತಕ ಸಂಘದ ಪ್ರಶಸ್ತಿ ಅದರಲ್ಲಿದೆ. ಆನೆ, ಕುದುರೆ, ಮುತ್ತು, ವಜ್ರ, ಮಾಣಿಕ್ಯಗಳ ಜೊತೆಗೆ ಏಲಕ್ಕಿ, ಲವಂಗ, ಶ್ರೀಗಂಧ, ಕರ್ಪೂರ, ಕಸ್ತೂರಿ, ಕುಂಕುಮ ಇವನ್ನೆಲ್ಲ ಅವರು ಮಾರುತ್ತಿದ್ದರು. ಕೆಲವನ್ನು ಸಗಟಾಗಿ, ಕೆಲವನ್ನು ಹೆಗಲ ಮೇಲೆ ಹೊತ್ತು ತಿರುಗಿ. ಹಣೆಗಿಡುವ ಪುಡಿ ಯಾವ ಹಳ್ಳಿಯಲ್ಲಾದರೂ ಆಗುತ್ತದೆ. ಅದು ಕಸ್ತೂರಿ ಕರ್ಪೂರಗಳ ಪಂಕ್ತಿಯಲ್ಲಿ ಕೂಡುವುದು ಹೇಗೆ? ಈ ಕುಂಕುಮ ಬೇರೆಯೇ ಆಗಿರಬೇಕು. ಅದು ಕೇಸರಿ, ಕಾಶ್ಮೀರದಿಂದ ಬರುತ್ತಿದ್ದ, ಹೂವಿನೊಳಗಿನ ಕೆಂಪು ಎಳೆ.

ಅಮರಕೋಶವನ್ನು ತೆಗೆದು ನೋಡಿದೆ. ಬಾಯಿಪಾಠ ಮಾಡಿದ್ದ ಗ್ರಂಥವೇ. ಬಾಯಿಪಾಠವಾದುದನ್ನು ನಾವು ಓದುವುದಿಲ್ಲವೆಂಬುದು ಆಗ ತಿಳಿಯಿತು. ಕುಂಕುಮಕ್ಕೆ ಅಲ್ಲಿ ಕೊಟ್ಟ ಪರ್ಯಾಯ ಪದಗಳಲ್ಲಿ ಮೊದಲನೆಯದೇ ‘ಕಾಶ್ಮೀರಜನ್ಮ’. ಎರಡನೆಯದು ‘ಅಗ್ನಿಶಿಖ’. ಮುಂದೆ ‘ಬಾಹ್ಲೀಕ’ ಎಂದೂ ಇದೆ. ಎಂದರೆ ಬಾಹ್ಲೀಕ ದೇಶದಿಂದ ಬಂದುದು. ಹೆಸರೇ ಊರನ್ನು ಹೇಳುತ್ತಿದೆ. ಇದು ನಮ್ಮ ನೆಲದ್ದಲ್ಲ, ಬಡಗಣದ ತಂಪು ನಾಡಿನದು.

ಈ ವಿಷಯದಲ್ಲಿ ಇನ್ನೂ ಒಳ್ಳೆಯ ಸಾಕ್ಷಿ ನಮಗೆ ದೊರೆಯುವುದು ಕವಿ ಬಿಲ್ಹಣನಲ್ಲಿ. ಆತ ಕಾಶ್ಮೀರದವನು. ಊರು ಖೋನಮುಖ. ಒಂದು ಕಡೆ ಕುಂಕುಮ, ಇನ್ನೊಂದು ಕಡೆ ದ್ರಾಕ್ಷಿ ಬೆಳೆಯುವ ಊರೆಂದು ಅದನ್ನು ತಾನೇ ವರ್ಣಿಸಿದ್ದಾನೆ. 11ನೆಯ ಶತಮಾನದ ಉತ್ತರಾರ್ಧದಲ್ಲಿ ಆತ ಮನೆ ಬಿಟ್ಟು ಮಥುರೆ, ಕನೌಜ, ಕಾಶಿ, ಗುಜರಾತ, ಸೋಮನಾಥಗಳನ್ನು ಸುತ್ತಿ, ಕೊನೆಗೆ ಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ವಿದ್ಯಾಪತಿಯಾಗಿ ನಿಂತ. ಅಲ್ಲಿ ‘ವಿಕ್ರಮಾಂಕದೇವಚರಿತ’ವನ್ನು ಬರೆದ. ಆ ಕಾವ್ಯದ ಮೊದಲಲ್ಲೇ ಕವಿತೆಯೂ ಕುಂಕುಮದ ಕೇಸರವೂ ಒಡಹುಟ್ಟಿದವು, ಶಾರದೆಯ ನಾಡಾದ ಕಾಶ್ಮೀರವನ್ನು ಬಿಟ್ಟು ಬೇರೆಲ್ಲೂ ಅವು ಮೊಳೆತುದನ್ನು ತಾನು ಕಂಡಿಲ್ಲ ಎಂಬ ಭಾವದ ಮಾತಿದೆ. ಕನ್ನಡ ನಾಡಿನ ಅನ್ನ ಉಂಡು ಹೀಗೆ ಹೇಳುವುದೆ ಎಂದು ಮೊದಲು ಓದಿದಾಗ ನನಗೆ ಸಿಟ್ಟು ಬಂದಿತ್ತು. ಪಂಪ ರನ್ನರು ಆಗಿಹೋದ ನಾಡಿನಲ್ಲಿ ಕುಳಿತು ಕವಿತೆಯ ವಿಷಯದಲ್ಲಿ ಆಡಿದ ಈ ಮಾತು ಸುಳ್ಳು. ಆದರೆ ಕುಂಕುಮದ ವಿಷಯದಲ್ಲಿ ಅದು ನಿಜವೆ.

ಬಿಲ್ಹಣನ ಆಶ್ರಯದಾತನಿಗೆ ಈ ನಮ್ಮ ಸೀಮೆ ಹೊಸದಲ್ಲ. ವಿಕ್ರಮಾದಿತ್ಯನು ಪಟ್ಟಕ್ಕೆ ಬರುವ ಮುನ್ನ ಬನವಾಸಿಯ ನಾಡಿನಲ್ಲಿ ಕೆಲಕಾಲ ತಂಗಿದ್ದನೆಂದು ಆ ಕಾವ್ಯವೇ ತಿಳಿಸುತ್ತದೆ. ಪಾನುಂಗಲ್ಲು, ಎಂದರೆ ಇಂದಿನ ಹಾನಗಲ್ಲು, ಆಗ ಐನೂರು ಹಳ್ಳಿಗಳ ನಾಡಿಗೆ ತಲೆಯೂರು. ಕದಂಬರ ಒಂದು ಶಾಖೆಯ ನೆಲೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿ, ಅರಸರ ಭೋಗಗಳನ್ನೆಲ್ಲ ವಿವರಿಸುವಾಗ ಮೈಗೆ ಪೂಸುವ ಲೇಪನಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಹೀಗೆ ಅರಮನೆ ಕೊಳ್ಳುತ್ತಿತ್ತು, ವರ್ತಕರು ಹೊತ್ತು ತರುತ್ತಿದ್ದರು, ಕವಿಗಳು ವರ್ಣಿಸುತ್ತಿದ್ದರು. ಹಳ್ಳಿಯವನು ಮಾತ್ರ ಆ ಹೂವನ್ನು ಕಂಡಿರಲಿಲ್ಲ. ಅವನಿಗೆ ತಿಳಿದದ್ದು ಹೆಸರಷ್ಟೆ.

ಆ ಹೂವು ಎಂಥದು? ಇಂಗ್ಲಿಷಿನಲ್ಲಿ ಅದರ ಕುಲಕ್ಕೆ ಕ್ರೋಕಸ್ ಎಂದು ಹೆಸರು. ಗೇಣುದ್ದವೂ ಇಲ್ಲದ ಗಿಡ. ನೆಲದೊಳಗೆ ಈರುಳ್ಳಿಗಿಂತ ಚಿಕ್ಕದಾದ ಗಟ್ಟಿ ಗಡ್ಡೆ. ಅದರಿಂದ ನೇರವಾಗಿ ನೆಲ ಸೀಳಿಕೊಂಡು ಬರುವ ನೇರಳೆ ಬಣ್ಣದ ಬಟ್ಟಲಿನಂಥ ಹೂವು. ಹುಲ್ಲಿನಂಥ ಸಣ್ಣ ಎಲೆ. ಕೇಸರಿ ಕೊಡುವ ಕ್ರೋಕಸ್ ಕಾಶ್ಮೀರದ ಪಾಂಪೊರದ ದಿನ್ನೆಗಳಲ್ಲಿ ಅಕ್ಟೋಬರ್, ನವೆಂಬರ್ ತಿಂಗಳಲ್ಲಿ ಅರಳುತ್ತದೆ. ಹೂವಿನ ನಡುವೆ ಮೂರು ಕವಲಾದ ಕೆಂಪು ಎಳೆಯೊಂದಿರುತ್ತದೆ, ಅದೇ ಕೇಸರಿ. ಒಂದು ಗ್ರಾಂ ಒಣ ಕೇಸರಿಗೆ ಸುಮಾರು 150 ಹೂಗಳು ಬೇಕು. ಎಲ್ಲವನ್ನೂ ಕೈಯಿಂದಲೇ ಬಿಡಿಸಬೇಕು.

ಈ ಗಿಡದ ದೊಡ್ಡ ವಿಶೇಷವೆಂದರೆ ಇದಕ್ಕೆ ಬೀಜವಿಲ್ಲ. ಇದು ಬಂಜೆ ಗಿಡ. ಇದರ ಮೂಲ ಗ್ರೀಸ್ ದೇಶದ ಕಾಡು ಕ್ರೋಕಸ್ ಎಂದು 2019ರಲ್ಲಿ ಪ್ರಕಟವಾದ ಸಂಶೋಧನೆಗಳು ತೋರಿಸಿವೆ. ತಾಯಿಗಡ್ಡೆ ಪ್ರತಿವರ್ಷ ಸವೆದು ಹೋಗುತ್ತದೆ. ಅದರ ಮೇಲೆ ಮರಿಗಡ್ಡೆಗಳು ಮೂಡುತ್ತವೆ. ಮನುಷ್ಯರು ಅವನ್ನು ಕಿತ್ತು, ಬಿಡಿಸಿ, ಮತ್ತೆ ನೆಡಬೇಕು. ಗ್ರೀಸಿನಿಂದ ಇರಾನಿಗೆ, ಅಲ್ಲಿಂದ ಕಾಶ್ಮೀರಕ್ಕೆ ಈ ಗಿಡ ಹಬ್ಬಿದುದು ಗಾಳಿಯಿಂದಲ್ಲ, ಹಕ್ಕಿಯಿಂದಲ್ಲ, ಕೈಯಿಂದ ಕೈಗೆ. ಒಂದು ತಲೆಮಾರಿನ ಕೈ ತಪ್ಪಿದ್ದರೆ ಆ ಊರಿನಲ್ಲಿ ಅದರ ವಂಶ ಅಲ್ಲಿಗೇ ಮುಗಿಯುತ್ತಿತ್ತು. ಈ ಮಾತನ್ನು ಕೇಳುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದು ನನ್ನ ಮನೆಯ ಕಥೆಗೂ ಬೇಕಾಗುತ್ತದೆ.

ಕ್ರೋಕಸ್ಸಿನಲ್ಲಿ ವಸಂತಕ್ಕೆ ಅರಳುವ ಜಾತಿಗಳೂ ಹಲವಿವೆ. ಇಂಗ್ಲೆಂಡಿನಲ್ಲಿರುವ ನನ್ನ ತಂಗಿಯ ಮಗಳು ಕೆಲವು ವರ್ಷಗಳ ಹಿಂದೆ ಫೆಬ್ರುವರಿಯ ಕೊನೆಯಲ್ಲಿ ಒಂದು ಚಿತ್ರ ಕಳಿಸಿದಳು. ಮನೆಯ ಮುಂದಿನ ಹುಲ್ಲಿನಲ್ಲಿ ಹಿಮ ಇನ್ನೂ ಅಲ್ಲಲ್ಲಿ ಉಳಿದಿದೆ. ಅದರ ನಡುವೆ ಹಳದಿ, ಬಿಳಿ, ನೇರಳೆ ಹೂಗಳು ತಲೆಯೆತ್ತಿವೆ. ಮರಗಳಲ್ಲಿ ಒಂದು ಎಲೆಯಿಲ್ಲ. “ಸೋದರಮಾವಾ, ಇದಕ್ಕ ಕನ್ನಡದಾಗ ಏನಂತಾರ?” ಎಂದು ಬರೆದಿದ್ದಳು. ಚಳಿಗಾಲ ಬರುವ ಮುನ್ನ ಮೂರು ನಾಲ್ಕು ಅಂಗುಲ ಆಳಕ್ಕೆ ಗಡ್ಡೆಯನ್ನು ಹೂಳುತ್ತಾರಂತೆ. ನೀರು ನಿಲ್ಲದ ಜಾಗವಾಗಬೇಕಂತೆ. ಹೂ ಬಾಡಿದ ಮೇಲೆ ಎಲೆಯನ್ನು ಕತ್ತರಿಸದೆ, ಅದು ತಾನಾಗಿ ಹಳದಿಯಾಗುವವರೆಗೆ ಬಿಡಬೇಕಂತೆ, ಏಕೆಂದರೆ ಮುಂದಿನ ವರ್ಷದ ಹೂವಿಗೆ ಗಡ್ಡೆ ಅನ್ನ ಕೂಡಿಡುವುದು ಆ ಎಲೆಯಿಂದಲೆ. ಬಿಸಿಲು ಬಿದ್ದರೆ ಹೂ ಅರಳುತ್ತದೆ, ಮೋಡ ಕವಿದರೆ ಮುಚ್ಚಿಕೊಳ್ಳುತ್ತದೆ. ನಾಲ್ಕು ಗಡ್ಡೆ ಊರಿಗೆ ತರಲೆ ಎಂದೂ ಕೇಳಿದ್ದಳು. ಬೇಡವೆಂದೆ. ಮೂರು ತಿಂಗಳಾದರೂ ಕೊರೆಯುವ ಚಳಿಯಲ್ಲಿ ಮಲಗದೆ ಆ ಗಡ್ಡೆಗೆ ಹೂ ಕಟ್ಟದು. ನಮ್ಮ ಹಾನಗಲ್ಲಿನ ಚಳಿ ಒಂದು ಕಂಬಳಿಯ ಚಳಿ. ಅದು ಗಡ್ಡೆಗೆ ಸಾಲದು.

ಹೊರಗಿನಿಂದ ಬಂದ ಗಿಡಗಳೆಲ್ಲ ಹೀಗೆ ಸೋತುಹೋಗುತ್ತವೆಂದೇನಲ್ಲ. ಸವಣೂರಿನ ದೊಡ್ಡಹುಣಸೆಯ ಮಠದ ಆವರಣದಲ್ಲಿ ಮೂರು ಮಹಾವೃಕ್ಷಗಳಿವೆ. ಜನ ದೊಡ್ಡಹುಣಸೆ ಎನ್ನುತ್ತಾರೆ. ಅವು ಆಫ್ರಿಕದ ಬಾವೊಬಾಬ್. ಯಾರು ತಂದರೋ, ಎಂದು ನೆಟ್ಟರೋ, ಅವು ಇಲ್ಲಿಯ ನೆಲವನ್ನು ತಮ್ಮದಾಗಿಸಿಕೊಂಡು ಶತಮಾನಗಳ ಕಾಲ ನಿಂತವು. 2023ರ ಮಳೆಗಾಲದಲ್ಲಿ ಅವುಗಳಲ್ಲೊಂದು ಉರುಳಿದಾಗ ಅದನ್ನು ಎತ್ತಿ ಮತ್ತೆ ನಿಲ್ಲಿಸುವ ಪ್ರಯತ್ನ ನಡೆಯಿತು. ಮೆಣಸಿನಕಾಯಿಯೂ ಅಮೆರಿಕ ಖಂಡದಿಂದ ಬಂದದ್ದೆ. ಇಂದು ಬ್ಯಾಡಗಿಯ ಹೆಸರಿಲ್ಲದೆ ಅದರ ಮಾತೇ ಇಲ್ಲ. ಖಾರಕ್ಕಿಂತ ಹೆಚ್ಚಾಗಿ ಬಣ್ಣಕ್ಕಾಗಿ ಅದನ್ನು ಕೊಳ್ಳುತ್ತಾರೆ. ಕೇಸರಿ ಬೆಳೆಯದ ನೆಲ ಕೆಂಪು ಬಣ್ಣವನ್ನು ಲೋಕಕ್ಕೆ ಕಳಿಸುತ್ತಿದೆ. ಆದರೆ ಕುಂಕುಮದ ಗಿಡ ಮಾತ್ರ ಇಲ್ಲಿ ನೆಲೆಗೊಳ್ಳಲಿಲ್ಲ. ಈಚೆಗೆ ತಂಪುಯಂತ್ರ ಹಾಕಿದ ಕೋಣೆಗಳಲ್ಲಿ ಮಣ್ಣಿಲ್ಲದೆ ಅದರಿಂದ ಹೂ ಬಿಡಿಸುವವರು ದೇಶದ ಹಲವೆಡೆ ಇದ್ದಾರೆ. ಅದು ಜಾಣತನ, ನೆಲದ ಒಕ್ಕಲುತನವಲ್ಲ.

ಗಿಡ ನೆಲೆಗೊಳ್ಳದಿದ್ದರೂ ಹೆಸರು ನೆಲೆಗೊಂಡಿತು. ಇದೇ ಈ ಚರಿತ್ರೆಯ ಸ್ವಾರಸ್ಯ. ಅರಮನೆಯ ಕುಂಕುಮ ಬಡವರಿಗೆ ಎಟುಕದು. ಮನೆಯಲ್ಲಿ ಅರಿಶಿನವಿತ್ತು. ಅರಿಶಿನಕ್ಕೆ ಸುಣ್ಣ ತಾಗಿದರೆ ಕೆಂಪಾಗುವುದನ್ನು ಹೆಂಗಸರು ಬಲ್ಲರು. ಬಿಳಿಗಾರ, ನಿಂಬೆಯ ರಸ ಬೆರಸಿ ಬಣ್ಣ ನಿಲ್ಲಿಸುವುದನ್ನೂ ಬಲ್ಲರು. ಆ ಕೆಂಪು ಪುಡಿಗೆ ಅವರು ಕುಂಕುಮವೆಂದೇ ಹೆಸರಿಟ್ಟರು. ಕಾಲ ಕಳೆದಂತೆ ಹೆಸರಿನ ಒಡೆತನವೇ ಬದಲಾಯಿತು. ನಿಜವಾದ ಕುಂಕುಮ ‘ಕೇಸರಿ’ ಎಂಬ ಇನ್ನೊಂದು ಹೆಸರನ್ನು ಹುಡುಕಿಕೊಳ್ಳಬೇಕಾಯಿತು. ನನ್ನ ವಿದ್ಯಾರ್ಥಿನಿಯ ತಾಯಿ ಮನೆಯಲ್ಲಿ ಮಾಡುತ್ತಿದ್ದುದು ಸುಳ್ಳು ಕುಂಕುಮವಲ್ಲ. ಅವಳಂಥವರ ಕೈಯಿಂದಲೇ ಆ ಮಾತು ಇಂದಿನವರೆಗೆ ಬದುಕಿದೆ.

ಇನ್ನು ಕುಸುಬೆ. ಶಿಗ್ಗಾಂವಿ, ಸವಣೂರುಗಳ ಎರೆಹೊಲದ ಬದುವಿನಲ್ಲಿ ಹಿಂಗಾರಿಯ ಪೈರಿಗೆ ಬೇಲಿಯಂತೆ ಮುಳ್ಳಿನ ಕುಸುಬೆಯ ಸಾಲು ಹಾಕುವುದು ನಮ್ಮ ಕಡೆಯ ಹಳೆಯ ರೂಢಿ. ದನ ಮುಟ್ಟದು, ಎಣ್ಣೆಗೂ ಆಯಿತು. ಅದರ ಹೂವಿನ ದಳ ಮೊದಲು ಹಳದಿ, ಬಲಿತಂತೆ ಕೇಸರಿ ಕೆಂಪು. ಬಟ್ಟೆಗೆ ಬಣ್ಣ ಕಟ್ಟಲು ಹಿಂದೆ ಅದನ್ನೇ ಬಳಸುತ್ತಿದ್ದರು. ಲೋಕದ ಪೇಟೆಗಳಲ್ಲೆಲ್ಲ ಕೇಸರಿಗೆ ಕಲಬೆರಕೆ ಮಾಡಲು ಬಳಕೆಯಾದದ್ದೂ ಅದೇ. ನಿಜವಾದ ಕೇಸರಿಯ ಎಳೆಯನ್ನು ಬೆಚ್ಚನೆಯ ನೀರಿನಲ್ಲಿ ಹಾಕಿದರೆ ಅದು ನಿಧಾನವಾಗಿ ಹಳದಿ ಬಣ್ಣ ಬಿಡುತ್ತದೆ; ಎಳೆ ಮಾತ್ರ ಕೆಂಪಾಗಿಯೇ ಉಳಿಯುತ್ತದೆ; ಅದರ ಒಂದು ತುದಿ ತುತ್ತೂರಿಯಂತೆ ಅಗಲಿಸಿರುತ್ತದೆ. ಕೊಳ್ಳುವವರಿಗೆ ಈ ಎರಡು ಗುರುತು ಸಾಕು.

ಅಮರಕೋಶದಲ್ಲಿ ಕುಂಕುಮಕ್ಕೆ ‘ಅಗ್ನಿಶಿಖ’ವೆಂಬ ಹೆಸರಿದೆಯೆಂದೆನಷ್ಟೆ. ಅದೇ ಕೋಶದಲ್ಲಿ ‘ಅಗ್ನಿಶಿಖಾ’ ಎಂಬ ಸ್ತ್ರೀಲಿಂಗದ ಮಾತು ಲಾಂಗಲಿಕೀ ಎಂಬ ಇನ್ನೊಂದು ಗಿಡಕ್ಕೆ ಸಲ್ಲುತ್ತದೆ. ಅದು ನಮ್ಮ ಗೌರಿಹೂವು. ಮಲೆನಾಡಿನ ಸೆರಗಿನ ಬೇಲಿಗಳಲ್ಲಿ ಮಳೆಗಾಲದಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಬಳ್ಳಿ. ಗೌರಿಹಬ್ಬದ ಪೂಜೆಗೆ ಬೇಕಾದದ್ದು. ಯುರೋಪಿನಲ್ಲಿ ಶರತ್ಕಾಲದ ಕ್ರೋಕಸ್ ಎಂದು ಜನ ಕರೆಯುವ ಗಿಡವೊಂದಿದೆ. ಅದು ನಿಜವಾದ ಕ್ರೋಕಸ್ ಅಲ್ಲ, ಕಾಲ್ಚಿಕಮ್. ಅದರಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. ಕೀಲುಗಳು ಬಾವು ಬರುವ ಗೌಟ್ ಬೇನೆಗೆ ವೈದ್ಯರು ಅಳೆದು ಕೊಡುವ ಮದ್ದು ಅದೇ. ಗೌರಿಹೂವಿನ ಗಡ್ಡೆಯಲ್ಲಿಯೂ ಅದೇ ವಿಷವಿದೆ. ಎರಡೂ ಒಂದೇ ಕುಟುಂಬದವು. ಅಮರಸಿಂಹನಿಗೆ ಈ ನಂಟು ತಿಳಿದಿರಲಾರದು. ಆದರೂ ಹೆಸರುಗಳು ಹತ್ತಿರ ಬಂದು ಕುಳಿತಿವೆ. ಗೌರಿಹೂವನ್ನು ದೇವರಿಗೆ ಏರಿಸಿರಿ. ಅದರ ಗಡ್ಡೆಯನ್ನು ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿರಿ.

ಹಾಗಾದರೆ ತಂಗಿಯ ಮಗಳ ಪ್ರಶ್ನೆಗೆ ಉತ್ತರವೇನು? ಎಲೆಯಿಲ್ಲದ ಕಾಲದಲ್ಲಿ, ಬರಿಯ ನೆಲ ಒಡೆದು, ವಸಂತ ಬಂತೆಂದು ಮೊದಲು ಸಾರುವ ಹೂವು ನಮ್ಮಲ್ಲಿ ಯಾವುದು? ಬಹಳ ಯೋಚಿಸಿದೆ. ಉತ್ತರ ನಮ್ಮ ಹಾನಗಲ್ಲಿನ ಮನೆಯ ಹಿತ್ತಿಲಿನಲ್ಲೇ ಇತ್ತು. ಅದು ನೆಲಸಂಪಿಗೆ.

ನೆಲಸಂಪಿಗೆ ಅರಿಶಿನ ಶುಂಠಿಗಳ ಕುಲದ್ದು, ಕ್ರೋಕಸ್ಸಿಗೆ ರಕ್ತಸಂಬಂಧಿಯಲ್ಲ. ನಡವಳಿಕೆಯಲ್ಲಿ ಮಾತ್ರ ಒಡಹುಟ್ಟಿದಂತೆ. ಕಾರ್ತಿಕ ಕಳೆಯುತ್ತಲೇ ಇದರ ಎಲೆ ಹಳದಿಯಾಗಿ ಒರಗುತ್ತದೆ. ಮಾರ್ಗಶಿರ, ಪುಷ್ಯ, ಮಾಘಗಳಲ್ಲಿ ಅಲ್ಲಿ ಗಿಡವಿತ್ತೆಂಬ ಗುರುತೂ ಇರುವುದಿಲ್ಲ. ಹೋಳಿಹುಣ್ಣಿವೆಗೂ ಯುಗಾದಿಗೂ ನಡುವೆ, ಬಾವಿಯ ನೀರು ತಳಕ್ಕಿಳಿದ ಹೊತ್ತಿನಲ್ಲಿ, ಒಂದು ಮುಂಜಾನೆ ಬಿರುಕು ಬಿಟ್ಟ ಮಣ್ಣಿನಿಂದ ಬಿಳಿಯ ಹೂವು ಮೇಲೆದ್ದಿರುತ್ತದೆ. ತೆಳುವಾದ ಬಿಳಿ ಎಸಳು, ನಡುವೆ ನೇರಳೆಯ ತುಟಿ, ಕಂಪು. ಸಂಜೆಗೆ ಬಾಡುತ್ತದೆ, ಮರುದಿನ ಪಕ್ಕದಲ್ಲೇ ಇನ್ನೊಂದು. ಹೂವಿನ ಸರದಿ ಮುಗಿದ ಮೇಲೆ, ಮೊದಲ ಮಳೆ ಬಿದ್ದಾಗ ಎಲೆ ಬರುತ್ತದೆ. ಮೇಲ್ಮೈ ಹಸುರಿನೊಳಗೆ ಹಸುರಿನ ಚಿತ್ತಾರ, ಅಡಿ ನೇರಳೆ. ನಮ್ಮೂರ ತಾರಕೇಶ್ವರನ ಗುಡಿಯ ಛತ್ತಿನಿಂದ ಕಲ್ಲಿನ ದೊಡ್ಡ ಕಮಲ ಕೆಳಮುಖವಾಗಿ ತೂಗುತ್ತದೆ. ಅದು ತಲೆಯೆತ್ತಿ ನೋಡಬೇಕಾದ ಹೂವು. ನೆಲಸಂಪಿಗೆ ತಲೆತಗ್ಗಿಸಿ ನೋಡಬೇಕಾದ ಹೂವು. ಕಮಲವನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ.

ಈ ಸಣ್ಣ ಗಿಡಕ್ಕೂ ಗ್ರಂಥಗಳಲ್ಲಿ ಸ್ಥಾನವುಂಟು. ಸಂಸ್ಕೃತದಲ್ಲಿ ಇದು ಭೂಚಂಪಕ. ಕೊಚ್ಚಿಯ ಡಚ್ಚರ ಅಧಿಕಾರಿ ವಾನ್ ರೀಡೆ ಮಲೆಯಾಳ ದೇಶದ ವೈದ್ಯರ, ಕೊಂಕಣಿ ಪಂಡಿತರ ನೆರವಿನಿಂದ ಸಿದ್ಧಪಡಿಸಿ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಹೊರತಂದ ‘ಹೋರ್ತುಸ್ ಮಲಬಾರಿಕುಸ್’ ಗ್ರಂಥದ ಹನ್ನೊಂದನೆಯ ಸಂಪುಟದಲ್ಲಿ ‘ಮಲನ್ ಕೂವ’ ಎಂಬ ಹೆಸರಿನಿಂದ ಇದರ ಚಿತ್ರವಿದೆ. 1753ರಲ್ಲಿ ಲಿನೇಯಸ್ ಇದಕ್ಕೆ ಕೆಂಫೀರಿಯ ರೋಟಂಡ ಎಂದು ಹೆಸರಿಟ್ಟ. ಜಪಾನಿಗೆ ಹೋಗಿಬಂದ ಕೆಂಫರ್ ಎಂಬ ಜರ್ಮನ್ ವೈದ್ಯನ ನೆನಪಿಗಾಗಿ. ಕಲ್ಕತ್ತೆಯ ನ್ಯಾಯಾಧೀಶ, ಸಂಸ್ಕೃತ ವಿದ್ವಾಂಸ ವಿಲಿಯಂ ಜೋನ್ಸ್ ಭಾರತದ ಆಯ್ದ ಗಿಡಗಳನ್ನು ಕುರಿತು ಬರೆದ ಟಿಪ್ಪಣಿಗಳು ಅವನ ಮರಣದ ಮರುವರ್ಷ, 1795ರಲ್ಲಿ ಅಚ್ಚಾದವು. ಅವು ಆರಂಭವಾಗುವುದೇ ಭೂಚಂಪಕದಿಂದ. ಇಷ್ಟೆಲ್ಲ ಆದರೂ ನಮ್ಮ ಹಳ್ಳಿಗಳಲ್ಲಿ ಈ ಗಿಡವನ್ನು ಉಳಿಸಿದವರು ಈ ಗ್ರಂಥಗಳನ್ನು ಓದಿದವರಲ್ಲ. ಬಾವು ಬಂದಲ್ಲಿ ಗಡ್ಡೆ ಅರೆದು ಹಚ್ಚುತ್ತಿದ್ದ ಅಜ್ಜಿಯರು ಅದನ್ನು ಉಳಿಸಿದರು.

ನನ್ನ ಅವ್ವನ ಹಿತ್ತಿಲಿನಲ್ಲಿ ಬಚ್ಚಲ ನೀರು ಹರಿಯುವ ಕಾಲುವೆಗೆ ತುಸು ದೂರ, ಪೇರಲ ಗಿಡದ ನೆರಳಿನಲ್ಲಿ ನೆಲಸಂಪಿಗೆಯ ಮಡಿಯೊಂದಿತ್ತು. ಅವಳು ತನ್ನ ತವರಿನಿಂದ, ಹಿರೇಕೆರೂರು ಕಡೆಯ ಒಂದು ಹಳ್ಳಿಯಿಂದ, ಮದುವೆಯಾದ ವರ್ಷ ತಂದದ್ದು. ಅಕ್ಕನಿಗೆ ಮದುವೆಯಾದಾಗ ಉಡಿಯ ಅಕ್ಕಿಯ ಜೊತೆಗೆ ಒಂದು ಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ನಮ್ಮ ಮನೆಯ ಹೆಣ್ಣುಮಕ್ಕಳು ಹೋದಲ್ಲೆಲ್ಲ ಆ ಗಿಡವೂ ಹೋಯಿತು. ಬೀಜವಿಲ್ಲದ ಕೇಸರಿ ಗ್ರೀಸಿನಿಂದ ಕಾಶ್ಮೀರಕ್ಕೆ ನಡೆದದ್ದೂ ಇದೇ ರೀತಿಯಲ್ಲವೆ?

ಅವ್ವ ತೀರಿಕೊಂಡ ಮರುವರ್ಷ ನಾನು ಮನೆಯನ್ನು ದುರಸ್ತಿ ಮಾಡಿಸಿದೆ. ಮಾಘಮಾಸ. ಹಿತ್ತಿಲಿನಲ್ಲಿ ಮಳೆಗಾಲಕ್ಕೆ ರಾಡಿಯಾಗುತ್ತದೆಂದು ಹಾಸುಗಲ್ಲು, ಸಿಮೆಂಟು ಹಾಕಿಸಲು ಹೇಳಿದೆ. ಗೌಂಡಿ ಕೆಲಸ ಶುರುಮಾಡುವ ಮುನ್ನ, ‘ಇಲ್ಲಿ ಏನಾದರೂ ಐತೇನ್ರಿ?’ ಎಂದು ಆ ಮಡಿಯ ಜಾಗವನ್ನು ತೋರಿಸಿ ಕೇಳಿದ. ನಾನು ನೋಡಿದೆ. ಬರಿಯ ಒಣ ಮಣ್ಣು. ‘ಏನೂ ಇಲ್ಲ’ ಎಂದೆ. ಯುಗಾದಿಯ ದಿನ ಸ್ನಾನಕ್ಕೆ ನೀರು ತರಲು ಹಿತ್ತಿಲಿಗೆ ಹೋದಾಗ ಸಿಮೆಂಟಿನ ಮೇಲೆ ನಿಂತು ನನಗೆ ನೆನಪಾಯಿತು. ಆಗ ಮಾಡುವುದೇನೂ ಉಳಿದಿರಲಿಲ್ಲ. ನಲವತ್ತು ವರ್ಷ ಪ್ರತಿ ವಸಂತದಲ್ಲಿ ಕಂಡ ಹೂವು ಅದು. ಶಾಸನಗಳ ಸವೆದ ಅಕ್ಷರವನ್ನು ಬೆರಳಾಡಿಸಿ ಓದಬಲ್ಲೆನೆಂದು ಹೆಮ್ಮೆಪಡುತ್ತಿದ್ದವನಿಗೆ ಹಿತ್ತಿಲಿನ ಮಣ್ಣನ್ನು ಓದಲು ಬರಲಿಲ್ಲ.

ನಮ್ಮ ಶಿಗ್ಗಾಂವಿ ತಾಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ಜಗಳ ಹಚ್ಚಿದ ಕಥೆ ಎಲ್ಲರಿಗೂ ಗೊತ್ತು. ಯಾರು ಹೆಚ್ಚೆಂದು ತೀರ್ಮಾನಿಸಲು ರಾಮನು ಎರಡನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಸೆರೆ ಬಿಟ್ಟಾಗ ಭತ್ತ ಕಂಗೆಟ್ಟಿತ್ತು. ರಾಗಿ ಗಟ್ಟಿಯಾಗಿ ಉಳಿದಿತ್ತು. ಕತ್ತಲಲ್ಲಿ ಕಾಲ ಕಳೆದು ಬರುವ ಶಕ್ತಿಯೇ ಅಲ್ಲಿ ಹಿರಿಮೆಯ ಅಳತೆ. ನೆಲಸಂಪಿಗೆಯೂ ವರ್ಷಕ್ಕೆ ಕೆಲವು ತಿಂಗಳು ಸೆರೆವಾಸ ಮಾಡಿ ಬರುವ ಜೀವವೆ. ಆದರೆ ರಾಮನಿಗೆ ಸೆರೆಯ ಬಾಗಿಲು ತೆರೆಯಬೇಕೆಂಬ ನೆನಪಿತ್ತು. ನನಗೆ ಇರಲಿಲ್ಲ.

ಎಷ್ಟೋ ದಿನ ಇದನ್ನು ಅಕ್ಕನಿಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದಾಗ ಅವಳು ಬಯ್ಯಲಿಲ್ಲ. ತನ್ನ ಹಿತ್ತಿಲಿಗೆ ಕರೆದುಕೊಂಡು ಹೋದಳು. ಅದು ಪುಷ್ಯಮಾಸ. ಅಲ್ಲಿಯೂ ಬರಿಯ ಮಣ್ಣೇ ಇತ್ತು. ಆದರೆ ಆ ಮಣ್ಣಿನ ಸುತ್ತ ಅವಳು ಹೆಂಚಿನ ತುಂಡುಗಳನ್ನು ಸಾಲಾಗಿ ಊರಿ ಗುರುತು ಮಾಡಿದ್ದಳು. “ಅದು ಸತ್ತಿಲ್ಲೋ ತಮ್ಮಾ, ಮಲಕೊಂಡೈತಿ. ಮಲಕೊಂಡವರ ಮ್ಯಾಲ ಕಾಲಿಡಬಾರದಂತ ಅವ್ವ ಹೇಳತಿದ್ದಳು” ಎಂದು ಕುರ್ಚಿಗಿಯಿಂದ ಮೆಲ್ಲಗೆ ಕೆದರಿ, ಒಂದು ಹಿಡಿ ಗಡ್ಡೆ ತೆಗೆದು ನನ್ನ ಪಂಜೆಯ ಸೆರಗಿಗೆ ಹಾಕಿದಳು.

ನೆಡಬಯಸುವ ಕೇಳುಗರಿಗಾಗಿ ಅವಳು ಹೇಳಿಕೊಟ್ಟ ಕ್ರಮವನ್ನು ಇಲ್ಲಿ ಹೇಳುತ್ತೇನೆ. ಗಡ್ಡೆಯನ್ನು ಕೀಳುವುದೂ ಬಿಡಿಸುವುದೂ ಅದು ಮಲಗಿರುವ ಚಳಿಗಾಲದಲ್ಲೇ ಆಗಬೇಕು. ತಾಯಿಗಡ್ಡೆಯ ಬೇರುಗಳಿಗೆ ಮೊಟ್ಟೆಯಂಥ ಸಣ್ಣ ಗಡ್ಡೆಗಳು ಜೋತುಬಿದ್ದಿರುತ್ತವೆ. ಅವು ಅದರ ಬುತ್ತಿ. ಅವನ್ನು ಹರಿಯದಂತೆ, ಮೊಳಕೆಯ ಕಣ್ಣಿರುವ ತುಂಡುಗಳನ್ನಾಗಿ ಬೇರ್ಪಡಿಸಬೇಕು. ಎರಡು ಅಂಗುಲ ಆಳ ಸಾಕು. ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನ ಮರದ ನೆರಳಿರುವ ಜಾಗ ಒಳ್ಳೆಯದು. ಮಣ್ಣಿಗೆ ಕೊಳೆತ ಎಲೆಗೊಬ್ಬರ, ತುಸು ಮರಳು ಬೆರಸಬೇಕು, ನೀರು ನಿಲ್ಲಬಾರದು. ಎಲೆ ಒಣಗಿದ ಮೇಲೆ ನೀರು ಹಾಕಲೇಬಾರದು. ಹಾಕಿದರೆ ಗಡ್ಡೆ ಕೊಳೆಯುತ್ತದೆ. ಹೂವಿನ ಮೊಗ್ಗು ನೆಲ ಮುಟ್ಟಿದ ಮೇಲೆ ಸ್ವಲ್ಪ ಸ್ವಲ್ಪವಾಗಿ ನೀರು. ಎಲೆ ಬಂದ ಮೇಲೆ ಮಳೆಯೇ ನೋಡಿಕೊಳ್ಳುತ್ತದೆ. ಹಿತ್ತಿಲಿಲ್ಲದವರು ಅಗಲವಾದ ಕುಂಡದಲ್ಲಿಯೂ ಬೆಳೆಸಬಹುದು. ಎಲ್ಲಕ್ಕಿಂತ ಮುಖ್ಯವಾದದ್ದು ಗುರುತು. ಮಡಿಯ ಸುತ್ತ ನಾಲ್ಕು ಕಲ್ಲಾದರೂ ಇಡಿರಿ. ಮನೆಯಲ್ಲಿ ಇನ್ನೊಬ್ಬರಿಗಾದರೂ ಹೇಳಿಡಿರಿ.

ಚರಿತ್ರೆಯೆಂದರೆ ಕೋಟೆ, ಕಾಳಗ, ದತ್ತಿಗಳ ಲೆಕ್ಕವೆಂದು ನಾನು ಬಹುಕಾಲ ಪಾಠ ಹೇಳಿದೆ. ಅವುಗಳಿಗೆ ಕಲ್ಲಿನ ಸಾಕ್ಷಿಯಿದೆ, ಅವು ಕಾಯುತ್ತವೆ. ಕಾಶ್ಮೀರದ ಕುಂಕುಮವನ್ನು ಬಳ್ಳಿಗಾವಿಯ ಕಲ್ಲು ಒಂಬೈನೂರಕ್ಕೂ ಹೆಚ್ಚು ವರ್ಷ ನೆನಪಿನಲ್ಲಿಟ್ಟುಕೊಂಡಿತು. ನಮ್ಮದೇ ನೆಲಸಂಪಿಗ��ಯ ಚರಿತ್ರೆ ಹೆಣ್ಣುಮಕ್ಕಳ ಉಡಿಯಲ್ಲಿ ಸಾಗಿ ಬಂತು. ಅದಕ್ಕೆ ಕಾಯುವ ಶಕ್ತಿಯಿದ್ದರೂ, ಏನೂ ಇಲ್ಲವೆಂದು ಹೇಳುವ ಒಂದು ಮಾತನ್ನು ತಾಳುವ ಶಕ್ತಿಯಿಲ್ಲ.

ಹಿತ್ತಿಲಿನ ಎರಡು ಹಾಸುಗಲ್ಲುಗಳನ್ನು ಎಬ್ಬಿಸಿ, ಅಡಿಯ ಸಿಮೆಂಟನ್ನು ಒಡೆಸಿ, ಹೊಸ ಮಣ್ಣು ತುಂಬಿ, ಅಕ್ಕ ಕೊಟ್ಟ ಗಡ್ಡೆಗಳನ್ನು ಅದೇ ಜಾಗದಲ್ಲಿ ನೆಟ್ಟಿದ್ದೇನೆ. ಮೊದಲ ವರ್ಷ ಹೂ ಬರಲಿಲ್ಲ. ಮಳೆಗೆ ಎಲೆ ಮಾತ್ರ ಬಂತು, ಕಾರ್ತಿಕದ ಕೊನೆಗೆ ಒರಗಿತು. ತಂಗಿಯ ಮಗಳಿಗೆ ಎಲೆಯ ಚಿತ್ರ ಕಳಿಸಿ, ಹೆಸರನ್ನೂ ಬರೆದಿದ್ದೇನೆ. ಸುತ್ತ ಹೆಂಚಿನ ತುಂಡುಗಳನ್ನು ಊರಿದ್ದೇನೆ. ಬರುವ ಯುಗಾದಿಯವರೆಗೆ ಕಾದು ನೋಡಬೇಕು.